ಕಾಲೇಜಿನ ಕೋರ್ಸಿನಲ್ಲಿ ಸರ್ವರ್ ಬದಿಯ ವೆಬ್ ಪ್ರೋಗ್ರಾಮಿಂಗ್: ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದುವರಿಯಬೇಕು

ವೆಬ್ ಕೋರ್ಸಿನಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್ ಪಾಠಗಳು ನಡೆಯುವಷ್ಟು ಕಾಲ ವಿದ್ಯಾರ್ಥಿಗಳಿಗೆ ಹೆಚ್ಚಿನ ತೊಡಕಾಗುವುದಿಲ್ಲ; ಬರೆದದ್ದು ಬರೆದ ಕೂಡಲೇ ಕಣ್ಣಿಗೆ ಕಾಣುತ್ತದೆ. ಸರ್ವರ್ ಬದಿಯ ಪಾಠ ಶುರುವಾದ ಮೇಲೆ ಈ ಅನುಕೂಲ ತಪ್ಪುತ್ತದೆ. ಕೋಡ್ ಒಂದು ಕಡೆ ಓಡುತ್ತದೆ, ಅದರ ಫಲ ಇನ್ನೊಂದು ಕಡೆ ಕಾಣುತ್ತದೆ, ತಪ್ಪಾದರೆ ಅದರ ವಿವರ ಯಾರೂ ತೆರೆದು ನೋಡದ ಲಾಗ್ ಎಂಬ ದಾಖಲೆ ಕಡತದಲ್ಲಿ ಬೀಳುತ್ತದೆ. ಹಾಗಾಗಿ ಪಾಠವನ್ನು ಗಮನವಿಟ್ಟು ಕೇಳಿದವರೂ ಲ್ಯಾಬ್‌ನಲ್ಲಿ ಖಾಲಿ ಪುಟದ ಎದುರು ಕೂತು, ಕೈಪಿಡಿಯಲ್ಲಿರುವುದನ್ನು ಅಕ್ಷರಶಃ ನಕಲು ಮಾಡಲು ತೊಡಗುತ್ತಾರೆ. ಇದಕ್ಕೆ ನಾನು ನಂಬಿರುವ ದಾರಿ ಒಂದೇ: ಬ್ರೌಸರಿನಿಂದ ಹೊರಟ ಒಂದು ರಿಕ್ವೆಸ್ಟ್ ಸರ್ವರನ್ನು ತಲುಪಿ, ಡೇಟಾಬೇಸನ್ನು ಮುಟ್ಟಿ, ರೆಸ್ಪಾನ್ಸ್ ಆಗಿ ಮರಳುವವರೆಗೆ ಅದರ ಬೆನ್ನು ಹತ್ತಿ ಹೋಗುವುದು, ಆಮೇಲೆ ಸೆಮಿಸ್ಟರ್ ಪೂರ್ತಿ ಒಂದೇ ಅಪ್ಲಿಕೇಶನ್ನಿಗೆ ಹೊಸ ಕೆಲಸಗಳನ್ನು ಸೇರಿಸುತ್ತ ಬರುವುದು. ವಾರಕ್ಕೊಂದು ಹೊಸ ಪುಟ್ಟ ಪ್ರೋಗ್ರಾಂ ಬರೆದು ಬಿಸಾಡುವುದಕ್ಕಿಂತ ಇದರಿಂದ ಕಲಿಯುವುದು ಹೆಚ್ಚು. ಈ ಲೇಖನದ ಉದ್ದಕ್ಕೂ ಉದಾಹರಣೆಯಾಗಿ, ಒಂದು ವಿಭಾಗದ ಗ್ರಂಥಾಲಯದಿಂದ ಪುಸ್ತಕಗಳನ್ನು ಎರವಲು ಕೊಡುವ ಸಣ್ಣ ಅಪ್ಲಿಕೇಶನ್ನನ್ನು ಇಟ್ಟುಕೊಳ್ಳುತ್ತೇನೆ.

ಭಾಷೆಯ ಆಯ್ಕೆ

ಯಾವ ಭಾಷೆ ಕಲಿಯಬೇಕೆಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಡಿ. ಸಿಲೆಬಸ್‌ನಲ್ಲಿ ಯಾವುದಿದೆಯೋ ಅದನ್ನೇ ಕಲಿಯಿರಿ. 1993ರಲ್ಲಿ ಸಿಜಿಐ ಎಂಬ ಪದ್ಧತಿ ಬಂದಾಗ ಸರ್ವರ್ ಪ್ರತಿ ರಿಕ್ವೆಸ್ಟಿಗೂ ಒಂದು ಹೊಸ ಪ್ರೋಗ್ರಾಂ ಚಾಲೂ ಮಾಡಿ, ಅದು ಮುದ್ರಿಸಿದ್ದನ್ನು ಬ್ರೌಸರಿಗೆ ಕಳಿಸುತ್ತಿತ್ತು. 1995ರಲ್ಲಿ ಪಿಎಚ್‌ಪಿ ಭಾಷೆ, 2004ರಲ್ಲಿ ರೂಬಿ ಆನ್ ರೇಲ್ಸ್, 2005ರಲ್ಲಿ ಜ್ಯಾಂಗೋ ಎಂಬ ಫ್ರೇಮ್‌ವರ್ಕ್‌ಗಳು (ಸರ್ವರ್ ಕೋಡಿನ ಸಿದ್ಧ ಚೌಕಟ್ಟುಗಳು), 2009ರಲ್ಲಿ ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ನೋಡ್ ಜೆಎಸ್ ಜನರ ಕೈಗೆ ಬಂದವು. ಇಷ್ಟೆಲ್ಲ ಬದಲಾದರೂ ಸರ್ವರಿನ ಮೂಲ ಕೆಲಸ ಹಾಗೆಯೇ ಉಳಿದಿದೆ: ಬಂದ ರಿಕ್ವೆಸ್ಟನ್ನು ಓದಬೇಕು, ಅದನ್ನು ಯಾವ ಫಂಕ್ಷನ್ನಿಗೆ ಒಪ್ಪಿಸಬೇಕೆಂದು ತೀರ್ಮಾನಿಸಬೇಕು, ಬೇಕಾದ ದತ್ತಾಂಶವನ್ನು ತರಬೇಕು ಅಥವಾ ಬರೆದಿಡಬೇಕು, ಉತ್ತರ ಕಟ್ಟಿ ಕಳಿಸಬೇಕು. ಒಂದು ಭಾಷೆಯಲ್ಲಿ ಇದನ್ನು ಗಟ್ಟಿ ಮಾಡಿಕೊಂಡವರಿಗೆ ಇನ್ನೊಂದಕ್ಕೆ ದಾಟುವುದು ಹೆಚ್ಚು ಕಷ್ಟವಾಗುವುದಿಲ್ಲ.

ಸಲಕರಣೆಗಳ ವಿಚಾರವೂ ಚಿಕ್ಕದು. ಭಾಷೆಯ ಯಾವ ಆವೃತ್ತಿ ಲ್ಯಾಬ್‌ನಲ್ಲಿದೆಯೋ ಅದನ್ನೇ ನಿಮ್ಮ ಲ್ಯಾಪ್‌ಟಾಪಿನಲ್ಲೂ ಹಾಕಿಕೊಳ್ಳಿ. ಡೇಟಾಬೇಸಿಗೆ ಮೊದಲ ಕೆಲವು ವಾರ ಎಸ್‌ಕ್ಯೂಎಲೈಟ್ ಧಾರಾಳವಾಗಿ ಸಾಕು. ಅದು ಒಂದೇ ಕಡತವಾದ್ದರಿಂದ ಬೇರೆ ಸರ್ವರ್ ನಡೆಸುವ ಗೊಡವೆಯಿಲ್ಲ. ಕೋಡಿನ ಬದಲಾವಣೆಗಳ ಇತಿಹಾಸವನ್ನು ಉಳಿಸುವ ಗಿಟ್ ಬಳಕೆಯನ್ನು ಮಾತ್ರ ಮೊದಲ ದಿನವೇ ಆರಂಭಿಸಿ.

ಫ್ರೇಮ್‌ವರ್ಕಿಗೂ ಮೊದಲು: ಒಂದು ರಿಕ್ವೆಸ್ಟನ್ನು ಕಣ್ಣಾರೆ ನೋಡುವುದು

ಎಷ್ಟೋ ಕೋರ್ಸುಗಳು ದಾಟಿ ಹೋಗುವ ಈ ಹಂತವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಟರ್ಮಿನಲ್‌ನಲ್ಲಿ ನೆಟ್‌ಕ್ಯಾಟ್ ಎಂಬ ಸಣ್ಣ ಪ್ರೋಗ್ರಾಂ ತೆರೆದು, 8000ನೆಯ ಪೋರ್ಟಿನಲ್ಲಿ (ಸಂಪರ್ಕಗಳು ಬರುವ, ಸಂಖ್ಯೆ ಹೊತ್ತ ಬಾಗಿಲಿನಲ್ಲಿ) ಕಾದು ಕೂರುವಂತೆ ಮಾಡಿ. ನಂತರ ಬ್ರೌಸರಿನ ವಿಳಾಸ ಪಟ್ಟಿಯಲ್ಲಿ, ನಿಮ್ಮದೇ ಯಂತ್ರವನ್ನು ಸೂಚಿಸುವ ಲೋಕಲ್‌ಹೋಸ್ಟ್ ಎಂದು ಬರೆದು, ಕೋಲನ್ ಹಾಕಿ, 8000 ಎಂದು ಸೇರಿಸಿ ಎಂಟರ್ ಒತ್ತಿರಿ. ಟರ್ಮಿನಲ್‌ನಲ್ಲಿ ಕೆಲವು ಸಾಲುಗಳು ಮೂಡುತ್ತವೆ. ಮೊದಲ ಸಾಲಿನಲ್ಲಿ ಗೆಟ್ ಎಂಬ ಮೆಥಡ್, ಬಳಿಕ ಓರೆಗೆರೆಯ ರೂಪದ ಪಾಥ್, ಕೊನೆಗೆ ಎಚ್‌ಟಿಟಿಪಿಯ ಆವೃತ್ತಿ 1.1 ಇರುತ್ತವೆ. ಅದರ ಕೆಳಗೆ ಹೋಸ್ಟ್, ಯೂಸರ್ ಏಜೆಂಟ್, ಆ್ಯಕ್ಸೆಪ್ಟ್ ಮುಂತಾದ ಹೆಡರ್‌ಗಳು ಸಾಲಿಗೊಂದರಂತೆ ಬರುತ್ತವೆ, ಕೊನೆಯಲ್ಲಿ ಒಂದು ಖಾಲಿ ಸಾಲು. ಬ್ರೌಸರ್ ಸರ್ವರಿಗೆ ಹೇಳುವುದೆಲ್ಲ ಇಷ್ಟೇ, ಅದೂ ಸಾದಾ ಪಠ್ಯದಲ್ಲಿ.

ಈಗ ಬ್ರೌಸರ್ ಉತ್ತರಕ್ಕೆ ಕಾಯುತ್ತಿರುತ್ತದೆ. ಉತ್ತರವನ್ನು ನೀವೇ ಕೈಯಾರೆ ಟೈಪ್ ಮಾಡಬಹುದು: ಮೊದಲ ಸಾಲಿನಲ್ಲಿ ಆವೃತ್ತಿ, 200 ಎಂಬ ಸ್ಟೇಟಸ್ ಕೋಡ್ ಮತ್ತು ಓಕೆ ಎಂಬ ಪದ, ಎರಡನೆಯ ಸಾಲಿನಲ್ಲಿ ಕಂಟೆಂಟ್ ಟೈಪ್ ಹೆಡರ್, ನಂತರ ತಪ್ಪದೆ ಒಂದು ಖಾಲಿ ಸಾಲು, ಅದಾದ ಮೇಲೆ ನಿಮಗಿಷ್ಟ ಬಂದ ಎಚ್‌ಟಿಎಂಎಲ್. ಸಂಪರ್ಕವನ್ನು ಕಡಿದ ಕೂಡಲೇ ಬ್ರೌಸರಿನಲ್ಲಿ ನೀವು ಬರೆದದ್ದು ಪುಟವಾಗಿ ಕಾಣಿಸುತ್ತದೆ. ಖಾಲಿ ಸಾಲನ್ನು ಬಿಟ್ಟರೆ ಏನಾಗುತ್ತದೆ, ಕಂಟೆಂಟ್ ಟೈಪನ್ನು ಎಚ್‌ಟಿಎಂಎಲ್ ಬದಲು ಸಾದಾ ಪಠ್ಯವೆಂದು ಹೇಳಿದರೆ ಪುಟ ಹೇಗೆ ಕಾಣುತ್ತದೆ ಎಂಬುದನ್ನೂ ಮಾಡಿ ನೋಡಿ. ಅರ್ಧ ಗಂಟೆಯೊಳಗೆ ಮುಗಿಯುವ ಈ ಅಭ್ಯಾಸದಿಂದ ಸರ್ವರ್ ಎಂದರೆ ಪಠ್ಯವನ್ನು ಓದಿ ಪಠ್ಯವನ್ನು ಬರೆಯುವ ಒಂದು ಪ್ರೋಗ್ರಾಂ ಎಂಬುದು ಖಚಿತವಾಗುತ್ತದೆ. ಮುಂದೆ ಯಾವ ಫ್ರೇಮ್‌ವರ್ಕ್ ಎದುರಾದರೂ, ಅದರ ರಿಕ್ವೆಸ್ಟ್ ಎಂಬ ಆಬ್ಜೆಕ್ಟಿನಲ್ಲಿ ತುಂಬಿರುವುದು ಇದೇ ಸಾಲುಗಳೆಂದು ಗುರುತಿಸಬಲ್ಲಿರಿ. ನೀವು ಕೇಳದಿದ್ದರೂ ಫ್ಯಾವಿಕಾನ್ ಎಂಬ ಕಡತಕ್ಕಾಗಿ ಇನ್ನೊಂದು ರಿಕ್ವೆಸ್ಟ್ ಬಂದರೆ ಗಾಬರಿಯಾಗಬೇಡಿ. ಟ್ಯಾಬಿನ ಮೇಲಿನ ಚಿಕ್ಕ ಚಿತ್ರಕ್ಕಾಗಿ ಬ್ರೌಸರ್ ತಾನಾಗಿಯೇ ಅದನ್ನು ಕೇಳುತ್ತದೆ.

ಮೊದಲ ರೂಟ್, ಮೊದಲ ಫಾರ್ಮ್

ಇನ್ನು ಕೋರ್ಸಿನ ಭಾಷೆಗೆ ಬನ್ನಿ. ಮೊದಲು ಪುಸ್ತಕಗಳ ಪಟ್ಟಿ ತೋರಿಸುವ ಒಂದು ರೂಟ್ (ಒಂದು ಪಾಥ್‌ಗೆ ಬಂದ ರಿಕ್ವೆಸ್ಟಿಗೆ ಉತ್ತರಿಸುವ ಫಂಕ್ಷನ್) ಬರೆಯಿರಿ. ಪಟ್ಟಿ ಸದ್ಯಕ್ಕೆ ಕೋಡಿನೊಳಗೇ ಇದ್ದರೂ ಅಡ್ಡಿಯಿಲ್ಲ. ಅದು ಓಡಿದ ಮೇಲೆ ಪುಸ್ತಕ ಸೇರಿಸುವ ಫಾರ್ಮ್ ಬರೆಯಿರಿ. ಇಲ್ಲಿ ಗೆಟ್ ಮತ್ತು ಪೋಸ್ಟ್‌ಗಳ ನಡುವಿನ ವ್ಯತ್ಯಾಸವನ್ನು ಪರೀಕ್ಷೆಗೆ ಬರೆಯುವ ಹಾಗೆ, ‘ಗೆಟ್‌ನಲ್ಲಿ ಮಾಹಿತಿ ವಿಳಾಸದಲ್ಲಿ ಕಾಣುತ್ತದೆ, ಪೋಸ್ಟ್‌ನಲ್ಲಿ ಕಾಣುವುದಿಲ್ಲ’ ಎಂದಷ್ಟೇ ತಿಳಿದುಕೊಂಡರೆ ಸಾಲದು. ಗೆಟ್ ಎಂಬುದು ಸರ್ವರಿನಲ್ಲಿರುವ ಯಾವುದನ್ನೂ ಬದಲಿಸದೆ ನೋಡಲು ಮಾತ್ರ ಕೇಳುವ ಮೆಥಡ್; ಬ್ರೌಸರ್, ಸರ್ಚ್ ಎಂಜಿನ್, ನಡುವೆ ಪುಟಗಳ ಪ್ರತಿ ಇಟ್ಟುಕೊಳ್ಳುವ ಕ್ಯಾಶ್ ಎಲ್ಲವೂ ಅದನ್ನು ಹಾಗೆಂದೇ ನಂಬಿ ನಡೆಯುತ್ತವೆ. 2005ರಲ್ಲಿ ಗೂಗಲ್ ಹೊರತಂದ ವೆಬ್ ಆ್ಯಕ್ಸಲರೇಟರ್ ಎಂಬ ತಂತ್ರಾಂಶ ವೇಗ ಹೆಚ್ಚಿಸಲೆಂದು ಪುಟದಲ್ಲಿದ್ದ ಲಿಂಕುಗಳನ್ನು ಮುಂಚಿತವಾಗಿಯೇ ತೆರೆದು ನೋಡುತ್ತಿತ್ತು. ‘ಅಳಿಸು’ ಎಂಬ ಕೆಲಸವನ್ನು ಸಾದಾ ಲಿಂಕ್ ಆಗಿ ಬರೆದಿದ್ದ ಅಪ್ಲಿಕೇಶನ್‌ಗಳಲ್ಲಿ ಬಳಕೆದಾರರು ಮುಟ್ಟದೆಯೇ ಮಾಹಿತಿ ಅಳಿಸಿಹೋಯಿತು. ಆದ್ದರಿಂದ ದತ್ತಾಂಶವನ್ನು ಬದಲಿಸುವ ಪ್ರತಿಯೊಂದು ಕೆಲಸವೂ ಪೋಸ್ಟ್ ಅಥವಾ ಅದಕ್ಕೆ ತಕ್ಕ ಬೇರೆ ಮೆಥಡ್‌ನಲ್ಲಿರಲಿ.

ಪುಸ್ತಕ ಸೇರಿಸಿದ ಮೇಲೆ ಅಲ್ಲಿಯೇ ಪುಟ ಬರೆದು ಕಳಿಸಬೇಡಿ. 303 ಎಂಬ ಸ್ಟೇಟಸ್ ಕೋಡಿನೊಂದಿಗೆ ಪಟ್ಟಿಯ ಪುಟಕ್ಕೆ ಹೋಗುವಂತೆ ಬ್ರೌಸರಿಗೆ ಹೇಳಿ. ಹಾಗೆ ಮಾಡದಿದ್ದರೆ ಬಳಕೆದಾರರು ಪುಟವನ್ನು ರಿಫ್ರೆಶ್ ಮಾಡಿದಾಗ ಫಾರ್ಮ್ ಮತ್ತೊಮ್ಮೆ ಸಲ್ಲಿಕೆಯಾಗಿ ಅದೇ ಪುಸ್ತಕ ಎರಡು ಸಲ ಸೇರುತ್ತದೆ. ಎರಡೂ ವಿಧಾನಗಳನ್ನು ಬರೆದು, ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿರುವ ನೆಟ್‌ವರ್ಕ್ ಟ್ಯಾಬ್ ತೆರೆದು ಹೋಲಿಸಿ ನೋಡಿ.

ಫಾರ್ಮಿನಲ್ಲಿ ಬಂದ ಮೌಲ್ಯಗಳನ್ನು ಸರ್ವರ್ ಬದಿಯಲ್ಲಿ ಪರಿಶೀಲಿಸಲೇಬೇಕು. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಈಗಾಗಲೇ ಪರಿಶೀಲಿಸಿದೆಯಲ್ಲ ಎಂದು ಕೇಳುವವರು, ನೆಟ್‌ಕ್ಯಾಟ್ ಅಭ್ಯಾಸವನ್ನು ತಿರುಗುಮುರುಗು ಮಾಡಿ, ಕರ್ಲ್ ಎಂಬ ಪ್ರೋಗ್ರಾಂನಿಂದ ಸರ್ವರಿಗೆ ನೇರವಾಗಿ ರಿಕ್ವೆಸ್ಟ್ ಕಳಿಸಲಿ: ಪ್ರತಿಗಳ ಸಂಖ್ಯೆಯ ಜಾಗದಲ್ಲಿ ಋಣ ಸಂಖ್ಯೆ, ಶೀರ್ಷಿಕೆಯ ಜಾಗದಲ್ಲಿ ಏನೂ ಇಲ್ಲ. ಫಾರ್ಮ್ ಪುಟವನ್ನು ತೆರೆಯದೆಯೇ ಯಾರು ಬೇಕಾದರೂ ಏನನ್ನು ಬೇಕಾದರೂ ಕಳಿಸಬಹುದೆಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಡೇಟಾಬೇಸ್: ಇಲ್ಲಿ ಅವಸರ ಬೇಡ

ಪಟ್ಟಿ ಕೋಡಿನೊಳಗೇ ಇದ್ದರೆ ಸರ್ವರ್ ನಿಲ್ಲಿಸಿದ ಕ್ಷಣ ಹೊಸ ಪುಸ್ತಕಗಳೆಲ್ಲ ಮಾಯವಾಗುತ್ತವೆ. ಇದನ್ನು ಒಮ್ಮೆ ನೋಡಿದ ಮೇಲೆಯೇ ಡೇಟಾಬೇಸ್ ಸೇರಿಸಿ. ಏಕೆ ಬೇಕೆಂದು ಆಗ ಯಾರೂ ಹೇಳಬೇಕಾಗಿಲ್ಲ. ಪುಸ್ತಕಗಳಿಗೊಂದು, ಸದಸ್ಯರಿಗೊಂದು, ಎರವಲುಗಳಿಗೊಂದು, ಹೀಗೆ ಮೂರು ಟೇಬಲ್‌ಗಳು ಸಾಕು. ಎರವಲು ಟೇಬಲ್‌ನಲ್ಲಿ ಪುಸ್ತಕದ ಹೆಸರನ್ನು ಬರೆಯದೆ ಅದರ ಐಡಿಯನ್ನು ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನು ಸೂಚಿಸುವ ಗುರುತು) ಆಗಿ ಇಡಿ. ಡಿಬಿಎಂಎಸ್ (ಡೇಟಾಬೇಸ್) ಕೋರ್ಸಿನಲ್ಲಿ ನಾರ್ಮಲೈಸೇಶನ್, ಅಂದರೆ ಮಾಹಿತಿಯನ್ನು ಪುನರಾವರ್ತನೆಯಿಲ್ಲದೆ ಟೇಬಲ್‌ಗಳಿಗೆ ಹಂಚುವುದನ್ನು, ಓದಿದವರೂ ವೆಬ್ ಲ್ಯಾಬ್‌ಗೆ ಬಂದಾಗ ಎಲ್ಲವನ್ನೂ ಒಂದೇ ಟೇಬಲ್‌ಗೆ ತುಂಬುವುದುಂಟು; ಎರಡು ಕೋರ್ಸುಗಳ ನಡುವಿನ ಈ ಗೋಡೆಯನ್ನು ವಿದ್ಯಾರ್ಥಿಗಳೇ ಕೆಡವಿಕೊಳ್ಳಬೇಕು.

ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಕ್ವೆರಿಯನ್ನು, ಅಂದರೆ ಪ್ರಶ್ನೆಯನ್ನು, ಬರೆಯುವಾಗ ಬಳಕೆದಾರರು ಕೊಟ್ಟ ಪಠ್ಯವನ್ನು ಸ್ಟ್ರಿಂಗ್ ಜೋಡಿಸುವ ಮೂಲಕ ಅದರೊಳಗೆ ಸೇರಿಸಲೇಬಾರದು. ಲೇಖಕರ ಹೆಸರಿನಿಂದ ಹುಡುಕುವ ಕ್ವೆರಿಯನ್ನು ಹಾಗೆ ಜೋಡಿಸಿ ಬರೆದು, ಓ’ಬ್ರಯನ್‌ನಂಥ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಹುಡುಕಿ. ಹೆಸರಿನಲ್ಲಿರುವ ಒಂಟಿ ಉದ್ಧರಣ ಚಿಹ್ನೆ ಸ್ಟ್ರಿಂಗನ್ನು ಅಲ್ಲಿಗೇ ಮುಗಿಸಿಬಿಡುತ್ತದೆ, ಉಳಿದ ಅಕ್ಷರಗಳನ್ನು ಡೇಟಾಬೇಸ್ ಎಸ್‌ಕ್ಯೂಎಲ್ ಆದೇಶವೆಂದು ಓದಲು ಹೋಗಿ ದೋಷ ಹೇಳುತ್ತದೆ. ಅಂದರೆ ದುರುದ್ದೇಶವೇ ಇಲ್ಲದ ಒಬ್ಬ ಓದುಗರ ಹುಡುಕಾಟಕ್ಕೂ ಈ ಕೋಡ್ ಮುರಿಯುತ್ತದೆ. ದುರುದ್ದೇಶವಿದ್ದವರು ಅದೇ ಚಿಹ್ನೆಯ ನಂತರ ‘ಅಥವಾ 1 ಸಮ 1’ ಎಂಬ ಅರ್ಥದ ಷರತ್ತನ್ನು ಸೇರಿಸಿ ಇಡೀ ಟೇಬಲನ್ನೇ ಓದಿಕೊಳ್ಳುತ್ತಾರೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದರೆ ಇದೇ. ಪರಿಹಾರ ಸರಳವಾಗಿದೆ: ಕ್ವೆರಿಯಲ್ಲಿ ಮೌಲ್ಯದ ಜಾಗಕ್ಕೆ ಪ್ಲೇಸ್‌ಹೋಲ್ಡರ್ ಇಟ್ಟು, ಮೌಲ್ಯವನ್ನು ಪ್ಯಾರಾಮೀಟರ್ ಆಗಿ ಬೇರೆಯೇ ಕಳಿಸುವುದು. ಹಳೆಯ ಲ್ಯಾಬ್ ಕೈಪಿಡಿಗಳಲ್ಲಿ ಸ್ಟ್ರಿಂಗ್ ಜೋಡಣೆಯ ಮಾದರಿ ಇಂದಿಗೂ ಕಾಣಸಿಗುತ್ತದೆ. ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನಂತೂ 2015ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ತೆಗೆದೇ ಹಾಕಲಾಗಿದೆ. ನಿಮ್ಮ ಕೈಪಿಡಿಯಲ್ಲಿ ಅವು ಇದ್ದರೆ ಅದು ಎಷ್ಟು ಹಳೆಯದೆಂದು ಅಂದಾಜು ಮಾಡಿಕೊಳ್ಳಿ, ಲ್ಯಾಬ್ ರೆಕಾರ್ಡಿಗೆ ಏನು ಬರೆಯಬೇಕೆಂದು ಅಧ್ಯಾಪಕರನ್ನು ಕೇಳಿಯೇ ಮುಂದುವರಿಯಿರಿ.

ಡೇಟಾಬೇಸಿನ ಇನ್ನೊಂದು ಪಾಠ ಒಬ್ಬರೇ ಕೂತು ಪರೀಕ್ಷಿಸಿದರೆ ಎಂದೂ ಕಾಣಿಸುವುದಿಲ್ಲ. ಒಂದು ಪುಸ್ತಕದ ಒಂದೇ ಪ್ರತಿ ಉಳಿದಿದೆ, ಇಬ್ಬರು ವಿದ್ಯಾರ್ಥಿಗಳು ಒಂದೇ ಕ್ಷಣದಲ್ಲಿ ‘ಎರವಲು’ ಗುಂಡಿ ಒತ್ತಿದ್ದಾರೆ ಎಂದುಕೊಳ್ಳಿ. ನಿಮ್ಮ ಕೋಡ್ ಮೊದಲು ಪ್ರತಿಗಳ ಸಂಖ್ಯೆಯನ್ನು ಓದಿ, ಅದು ಸೊನ್ನೆಗಿಂತ ಹೆಚ್ಚಿದೆಯೆಂದು ನೋಡಿ, ಆಮೇಲೆ ಒಂದು ಕಳೆದು ಬರೆಯುತ್ತದೆಯಾದರೆ, ಇಬ್ಬರ ರಿಕ್ವೆಸ್ಟುಗಳೂ ಮೊದಲು 1 ಎಂದು ಓದಿ, ನಂತರ ಎರಡೂ ಎರವಲನ್ನು ದಾಖಲಿಸುವ ಸಾಧ್ಯತೆಯಿದೆ. ಇರುವುದು ಒಂದು ಪುಸ್ತಕ, ಪಡೆದವರು ಇಬ್ಬರು. ಓದುವುದು ಮತ್ತು ಬರೆಯುವುದರ ನಡುವೆ ಬೇಕೆಂದೇ ಐದು ಸೆಕೆಂಡಿನ ವಿರಾಮವಿಟ್ಟು, ಎರಡು ಬ್ರೌಸರುಗಳಿಂದ ಒಟ್ಟಿಗೆ ಒತ್ತಿದರೆ ಈ ತೊಂದರೆಯನ್ನು ನೀವೇ ಉಂಟುಮಾಡಿ ನೋಡಬಹುದು. ಸರ್ವರ್ ಒಂದು ರಿಕ್ವೆಸ್ಟ್ ಮುಗಿಸುವ ಮೊದಲೇ ಇನ್ನೊಂದನ್ನು ಕೈಗೆತ್ತಿಕೊಳ್ಳುವಂತಿರಬೇಕು, ಅಷ್ಟೇ. ಪರಿಹಾರವಾಗಿ ಪರಿಶೀಲನೆಯನ್ನೂ ಬದಲಾವಣೆಯನ್ನೂ ಒಂದೇ ಅಪ್‌ಡೇಟ್ ಆದೇಶದಲ್ಲಿ ಸೇರಿಸಿ: ಪ್ರತಿಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಿರುವ ಸಾಲಿನಲ್ಲಿ ಮಾತ್ರ ಒಂದನ್ನು ಕಳೆಯುವಂತೆ ಷರತ್ತು ಹಾಕಿ, ಎಷ್ಟು ಸಾಲುಗಳು ಬದಲಾದವೆಂದು ನೋಡಿ. ಒಂದು ಸಾಲು ಬದಲಾಗಿದ್ದರೆ ಎರವಲು ದಾಖಲಿಸಿ. ಒಂದೂ ಬದಲಾಗದಿದ್ದರೆ ಪುಸ್ತಕ ಮುಗಿದಿದೆಯೆಂದು ತಿಳಿಸಿ. ಪ್ರತಿಯನ್ನು ಕಳೆಯುವ, ಎರವಲನ್ನು ದಾಖಲಿಸುವ ಈ ಎರಡೂ ಆದೇಶಗಳು ಒಂದೇ ಟ್ರಾನ್ಸಾಕ್ಷನ್‌ನೊಳಗಿರಲಿ. ಎರವಲು ದಾಖಲಾಗುವ ಮುನ್ನ ಏನಾದರೂ ಎಡವಟ್ಟಾದರೆ ಕಳೆದ ಪ್ರತಿಯೂ ತಾನಾಗಿ ಹಿಂದಿರುಗುತ್ತದೆ. ಪಠ್ಯದಲ್ಲಿ ಓದಿದ ಎಸಿಐಡಿ ಗುಣಗಳು (ಟ್ರಾನ್ಸಾಕ್ಷನ್ನಿಗೆ ಇರಬೇಕಾದ ನಾಲ್ಕು ಗುಣಗಳು) ಕೈಗೆ ಸಿಗುವ ಜಾಗ ಇದು.

ಕನ್ನಡದಲ್ಲಿ ಶೀರ್ಷಿಕೆ ಬರೆದು ಉಳಿಸಿದಾಗ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಅದು ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಕ್ರಮದ) ದೋಷ. ಮೈಎಸ್‌ಕ್ಯೂಎಲ್ ಬಳಸುವವರು ಟೇಬಲ್ ಮತ್ತು ಸಂಪರ್ಕ ಎರಡನ್ನೂ ಯುಟಿಎಫ್8ಎಂಬಿ4 ಎಂದು ನಿಗದಿ ಮಾಡಬೇಕು.

ಲಾಗಿನ್

ಎಚ್‌ಟಿಟಿಪಿ ಹಿಂದಿನ ರಿಕ್ವೆಸ್ಟನ್ನು ನೆನಪಿಟ್ಟುಕೊಳ್ಳುವುದಿಲ್ಲ. ಒಮ್ಮೆ ಪಾಸ್‌ವರ್ಡ್ ಕೊಟ್ಟ ಸದಸ್ಯರು ಮುಂದಿನ ಪುಟ ತೆರೆದಾಗ ಸರ್ವರಿಗೆ ಅವರು ಹೊಸಬರೇ. ಈ ಕೊರತೆ ತುಂಬಲು 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿ ಕುಕೀಯನ್ನು, ಅಂದರೆ ಬ್ರೌಸರ್ ಉಳಿಸಿಕೊಳ್ಳುವ ಚಿಕ್ಕ ಪಠ್ಯವನ್ನು, ತಂದಿತು. ಲಾಗಿನ್ ಆದಾಗ ಸರ್ವರ್ ಊಹಿಸಲಾಗದ ಒಂದು ಸೆಷನ್ ಐಡಿಯನ್ನು ಸೃಷ್ಟಿಸಿ ಕುಕೀಯಲ್ಲಿ ಕಳಿಸುತ್ತದೆ, ಬ್ರೌಸರ್ ಪ್ರತಿ ರಿಕ್ವೆಸ್ಟಿನಲ್ಲೂ ಅದನ್ನು ಮರಳಿ ತರುತ್ತದೆ. ಸದಸ್ಯರ ಐಡಿಯನ್ನೋ ‘ಅಡ್ಮಿನ್ ಹೌದು’ ಎಂಬ ಮಾತನ್ನೋ ಕುಕೀಯಲ್ಲಿ ಹಾಗೆಯೇ ಬರೆದರೆ, ಡೆವಲಪರ್ ಟೂಲ್ಸ್ ತೆರೆಯಲು ಗೊತ್ತಿರುವ ಯಾರಾದರೂ ಅದನ್ನು ತಿದ್ದಬಹುದು. ಕುಕೀಗೆ ಎಚ್‌ಟಿಟಿಪಿ ಓನ್ಲಿ, ಸೆಕ್ಯೂರ್, ಸೇಮ್ ಸೈಟ್ ಎಂಬ ಗುಣಗಳನ್ನು ಹಚ್ಚಿ, ಪ್ರತಿಯೊಂದೂ ಏನನ್ನು ತಡೆಯುತ್ತದೆಂದು ಓದಿಕೊಳ್ಳಿ. ವೈವಾದಲ್ಲಿ ಕೇಳಬಹುದಾದ ಪ್ರಶ್ನೆ ಇದು.

ಪಾಸ್‌ವರ್ಡನ್ನು ಇದ್ದಂತೆ ಉಳಿಸಬಾರದೆಂದು ಎಲ್ಲರಿಗೂ ಗೊತ್ತು. ಎಂಡಿ5 ಅಥವಾ ಎಸ್‌ಎಚ್‌ಎ1 ಹ್ಯಾಶ್ ಮಾಡಿ (ಮೂಲಕ್ಕೆ ಮರಳಿಸಲಾಗದ ಸಂಕೇತವಾಗಿ ಬದಲಿಸಿ) ಉಳಿಸುವುದೂ ಸಾಲದು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಅವು ವೇಗಕ್ಕಾಗಿ ರಚಿಸಿದ ಹ್ಯಾಶ್‌ಗಳು. ಆ ವೇಗವೇ ಕೋಟಿಗಟ್ಟಲೆ ಊಹೆಗಳನ್ನು ಪ್ರಯತ್ನಿಸುವವರಿಗೆ ಅನುಕೂಲ. 1999ರಲ್ಲಿ ಪ್ರಕಟವಾದ ಬಿಕ್ರಿಪ್ಟ್, ಈಚಿನ ಆರ್ಗಾನ್2 ಮುಂತಾದವನ್ನು ಉದ್ದೇಶಪೂರ್ವಕವಾಗಿಯೇ ನಿಧಾನವಾಗಿ ರಚಿಸಲಾಗಿದೆ, ಪ್ರತಿ ಪಾಸ್‌ವರ್ಡಿಗೂ ಸಾಲ್ಟ್ ಎಂಬ ಬೇರೆ ಬೇರೆ ಯಾದೃಚ್ಛಿಕ ಮೌಲ್ಯ ಸೇರುತ್ತದೆ. ನಿಮ್ಮ ಭಾಷೆಯಲ್ಲಿ ಇದಕ್ಕೆ ಸಿದ್ಧ ಲೈಬ್ರರಿ ಇದ್ದೇ ಇರುತ್ತದೆ. ಸ್ವಂತ ಹ್ಯಾಶ್ ವಿಧಾನ ಬರೆಯಲು ಹೋಗಬೇಡಿ.

ಲಾಗಿನ್ ಮುಗಿದ ಕೂಡಲೇ ಭದ್ರತೆಯೂ ಮುಗಿಯಿತೆಂದು ಬಿಡುವವರೇ ಹೆಚ್ಚು. ನೀವು ಲಾಗಿನ್ ಆಗಿ ನಿಮ್ಮ ಎರವಲಿನ ಪುಟ ತೆರೆಯಿರಿ. ವಿಳಾಸದ ಕೊನೆಯಲ್ಲಿ 17 ಎಂದಿದ್ದರೆ ಅದನ್ನು 18 ಮಾಡಿ. ಬೇರೊಬ್ಬರ ಎರವಲು ಕಾಣಿಸಿದರೆ, ಈ ವ್ಯಕ್ತಿ ಯಾರೆಂದು ನಿಮ್ಮ ಸರ್ವರ್ ಕೇಳುತ್ತಿದೆಯೇ ಹೊರತು ಈ ದಾಖಲೆ ನೋಡಲು ಅವರಿಗೆ ಹಕ್ಕಿದೆಯೇ ಎಂದು ಕೇಳುತ್ತಿಲ್ಲ. ಮೊದಲನೆಯದು ವಿಫಲವಾದರೆ 401, ಎರಡನೆಯದು ವಿಫಲವಾದರೆ 403. ಈ ಎರಡು ಕೋಡುಗಳ ವ್ಯತ್ಯಾಸವೂ ಇದೇ.

ದೋಷ ಹುಡುಕುವ ಕ್ರಮ

ಏನೋ ಕೆಲಸ ಮಾಡುತ್ತಿಲ್ಲ ಎಂದಾಗ ಕೋಡನ್ನು ಮನಬಂದಂತೆ ತಿದ್ದುವ ಮೊದಲು, ರಿಕ್ವೆಸ್ಟ್ ಎಲ್ಲಿಯವರೆಗೆ ಹೋಯಿತೆಂದು ನೋಡಿ. ನೆಟ್‌ವರ್ಕ್ ಟ್ಯಾಬಿನಲ್ಲಿ ಅದು ಹೊರಟಿದೆಯೇ? ಹೊರಟಿಲ್ಲವಾದರೆ ದೋಷ ಎಚ್‌ಟಿಎಂಎಲ್ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿದೆ, ಸರ್ವರ್ ಕೋಡನ್ನು ಎಷ್ಟು ತಿದ್ದಿದರೂ ವ್ಯರ್ಥ. ಹೊರಟಿದ್ದರೆ ಸರ್ವರಿನ ಟರ್ಮಿನಲ್‌ನಲ್ಲಿ ಅದರ ಸಾಲು ಬಿದ್ದಿದೆಯೇ? ಬಿದ್ದು 404 ಬಂದಿದ್ದರೆ ಪಾಥ್ ಹೊಂದಿಲ್ಲ, 405 ಬಂದಿದ್ದರೆ ಪಾಥ್ ಸರಿಯಿದ್ದು ಮೆಥಡ್ ತಪ್ಪಾಗಿದೆ, 500 ಬಂದಿದ್ದರೆ ನಿಮ್ಮ ಫಂಕ್ಷನ್ನಿನೊಳಗೇ ದೋಷ ಉಂಟಾಗಿದೆ. 500ರ ಪೂರ್ಣ ವಿವರ ಲಾಗ್‌ನಲ್ಲಿರುತ್ತದೆ. ಪೈಥಾನ್‌ನಲ್ಲಿ ಆ ವಿವರದ ಕೊನೆಯ ಸಾಲನ್ನು ಮೊದಲು ಓದಬೇಕು. ಜಾವಾ ಮತ್ತು ನೋಡ್‌ಗಳಲ್ಲಿ ದೋಷದ ಹೆಸರು ಮೇಲಿನ ಸಾಲಿನಲ್ಲೇ ಸಿಗುತ್ತದೆ. ನಡುವಿನ ಲೈಬ್ರರಿ ಸಾಲುಗಳನ್ನು ದಾಟಿ, ನೀವೇ ಬರೆದ ಕಡತದ ಹೆಸರು ಎಲ್ಲಿದೆಯೆಂದು ಹುಡುಕಿ. ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬ ಸಂದೇಶ ಬಂದರೆ, ಹಿಂದೆ ಚಾಲೂ ಮಾಡಿದ ಸರ್ವರ್ ಇನ್ನೂ ಆ ಪೋರ್ಟನ್ನು ಹಿಡಿದು ಕೂತಿದೆ ಎಂದರ್ಥ.

ಫ್ರೇಮ್‌ವರ್ಕ್, ಗುಂಪಿನ ಪ್ರಾಜೆಕ್ಟ್

ಇಷ್ಟಾದ ಮೇಲೆ ಫ್ರೇಮ್‌ವರ್ಕಿಗೆ ಹೋದರೆ ಅದು ಯಾವ ಕೆಲಸವನ್ನು ನಿಮ್ಮ ಪರವಾಗಿ ಮಾಡುತ್ತಿದೆಯೆಂದು ಗೊತ್ತಿರುತ್ತದೆ. ಸಿಲೆಬಸ್‌ನಲ್ಲಿ ಫ್ರೇಮ್‌ವರ್ಕ್ ಮೊದಲೇ ಬಂದರೆ, ಮೇಲಿನ ಅಭ್ಯಾಸಗಳನ್ನು ಅದರ ಜೊತೆಜೊತೆಗೇ ಬಿಡುವಿನಲ್ಲಿ ಮಾಡಿಕೊಳ್ಳಿ. ಎಐ ಸಹಾಯಕದಿಂದ ಕೋಡ್ ಬರೆಸಿಕೊಳ್ಳುವವರಿಗೂ ಒಂದು ಮಾತು: ಅದು ಕೊಟ್ಟ ಪ್ರತಿ ರೂಟಿಗೂ ಮೇಲೆ ನೋಡಿದ ಉದ್ಧರಣ ಚಿಹ್ನೆ, 17 ಮತ್ತು 18, ಕೊನೆಯ ಪ್ರತಿ ಎಂಬ ಮೂರು ಪರೀಕ್ಷೆಗಳನ್ನು ಒಡ್ಡಿ, ಪಾಸಾದರೆ ಇಟ್ಟುಕೊಳ್ಳಿ.

ಗುಂಪಿನ ಪ್ರಾಜೆಕ್ಟಿನಲ್ಲಿ ಒಬ್ಬರಿಗೆ ಪುಟವಿನ್ಯಾಸ, ಒಬ್ಬರಿಗೆ ಸರ್ವರ್, ಒಬ್ಬರಿಗೆ ಡೇಟಾಬೇಸ್, ಉಳಿದವರಿಗೆ ವರದಿ ಎಂದು ಹಂಚಿಕೊಳ್ಳುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಹಾಗೆ ಹಂಚಿಕೊಂಡರೆ ಸರ್ವರ್ ಕಲಿಯುವವರು ಒಬ್ಬರೇ. ಅದರ ಬದಲು ಎರವಲು ಕೊಡುವುದು, ಹಿಂದಿರುಗಿಸುವುದು, ಹುಡುಕುವುದು, ಸದಸ್ಯತ್ವ ಎಂದು ಕೆಲಸಗಳ ಪ್ರಕಾರ ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಫಾರ್ಮಿನಿಂದ ಟೇಬಲ್‌ವರೆಗೆ ಬರೆಯಲಿ. ಡೇಟಾಬೇಸಿನ ಪಾಸ್‌ವರ್ಡನ್ನು ಕೋಡಿನ ಹೊರಗಿರುವ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿಡಿ. ಒಮ್ಮೆ ಗಿಟ್‌ಗೆ ಸೇರಿದ ಪಾಸ್‌ವರ್ಡನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಹಾಗಾದಾಗ ಪಾಸ್‌ವರ್ಡನ್ನೇ ಬದಲಿಸಬೇಕು.

ಅಪ್ಲಿಕೇಶನ್ನನ್ನು ಹೊರಗಿನ ಸರ್ವರಿಗೆ ಏರಿಸುವಾಗ ದೋಷದ ವಿವರವನ್ನು ಪುಟದಲ್ಲೇ ತೋರಿಸುವ ಡಿಬಗ್ ಮೋಡನ್ನು ಆಫ್ ಮಾಡಿ, ಇಲ್ಲವಾದರೆ ದೋಷದ ಪುಟದಲ್ಲಿ ನಿಮ್ಮ ಕೋಡ್ ಎಲ್ಲರಿಗೂ ಕಾಣುತ್ತದೆ. ನಿಮ್ಮ ಯಂತ್ರದಲ್ಲಿ ಓಡಿ ಅಲ್ಲಿ ಯಾರಿಗೂ ತೆರೆಯದಿದ್ದರೆ, ಸರ್ವರ್ 127.0.0.1ರಲ್ಲಿ ಮಾತ್ರ ಕಾಯುತ್ತಿದೆಯೇ ನೋಡಿ. ಆ ವಿಳಾಸಕ್ಕೆ ಅದೇ ಯಂತ್ರದಿಂದ ಬಂದ ರಿಕ್ವೆಸ್ಟುಗಳು ಮಾತ್ರ ತಲುಪುತ್ತವೆ, ಹೊರಗಿನವರಿಗೆ 0.0.0.0 ಬೇಕು. ಹಲವು ಹೋಸ್ಟಿಂಗ್ ಸೇವೆಗಳಲ್ಲಿ ಅಪ್ಲಿಕೇಶನ್ ಮತ್ತೆ ಏರಿಸಿದಾಗ ಅದರ ಡಿಸ್ಕ್ ಹೊಸದಾಗಿ ಶುರುವಾಗುತ್ತದೆ, ಎಸ್‌ಕ್ಯೂಎಲೈಟ್ ಕಡತವೂ ಅದರೊಂದಿಗೆ ಹೋಗುತ್ತದೆ. ಹಾಗಾಗಿ ಪ್ರಾಜೆಕ್ಟ್ ತೋರಿಸುವ ಹಿಂದಿನ ವಾರವೇ ಒಂದು ಪುಸ್ತಕ ಸೇರಿಸಿ, ಅಪ್ಲಿಕೇಶನ್ನನ್ನು ಮರಳಿ ಏರಿಸಿ, ಆ ಪುಸ್ತಕ ಪಟ್ಟಿಯಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳಿ. ಉಳಿದಿರದಿದ್ದರೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ಗೆ ಸ್ಥಳಾಂತರಿಸಲು ಇನ್ನೂ ಸಮಯವಿರುತ್ತದೆ.